ಸಪ್ನಾ ಬರೆದ ಹಾಳೆ

ವಿಜಯಪುರದ ಸೊಲ್ಲಾಪುರ ರಸ್ತೆಯಲ್ಲಿರುವ ಮುಬೀನನ ಕಂಪ್ಯೂಟರ್ ಅಂಗಡಿಗೆ ಫೋನು ಮಾಡುವವರಲ್ಲಿ ಅರ್ಧಕ್ಕರ್ಧ ಜನ ಮಾಲೀಕನನ್ನು ಕೇಳುತ್ತಲೇ ಇರಲಿಲ್ಲ. "ಆ ತಿಕೋಟಾದ ಹುಡಿಗಿಗೆ ಕೊಡ್ರಿ" ಎನ್ನುತ್ತಿದ್ದರು. ಆ ಹುಡುಗಿ ಸಪ್ನಾ. ವಯಸ್ಸು ಇಪ್ಪತ್ತೇಳು. ತಾಯಿ ಚಂದ್ರಾಬಾಯಿ ತಿಕೋಟಾದ ಒಣದ್ರಾಕ್ಷಿ ಶೆಡ್ಡುಗಳಲ್ಲಿ ಕಾಳು ಆರಿಸುವ ಕೂಲಿ ಮಾಡಿ ಮಗಳನ್ನು ವಿಜಯಪುರದ ಕಾಲೇಜಿಗೆ ಕಳಿಸಿದ್ದಳು. ದಿನವೂ ಎಂಟರ ಬಸ್ಸಿಗೆ ಬಂದು ಸಂಜೆ ಆರರ ಬಸ್ಸಿಗೆ ಹಿಂದಿರುಗುವುದು ಸಪ್ನಾಳ ಬದುಕಿನ ಕ್ರಮ.

ಮುಬೀನ 'ಪುಟಗಾರ' ಎಂಬ ಸಾಫ್ಟ್‌ವೇರ್ ಮಾರುತ್ತಿದ್ದ. ಲಗ್ನಪತ್ರಿಕೆ, ಕರಪತ್ರ, ಶಾಲೆಯ ವಾರ್ಷಿಕೋತ್ಸವದ ಕಾರ್ಡು, ಇಂಥವನ್ನೆಲ್ಲ ಕಂಪ್ಯೂಟರಿನ ಮೇಲೆ ಕನ್ನಡದಲ್ಲಿ ಜೋಡಿಸುವ ಸಾಧನ ಅದು. ಸುತ್ತಲಿನ ಊರುಗಳ ಸಣ್ಣ ಪ್ರೆಸ್ಸುಗಳೆಲ್ಲ ಅದನ್ನೇ ಬಳಸುತ್ತಿದ್ದವು. ಬಳಸುವವರಲ್ಲಿ ಹೆಚ್ಚಿನವರು ಸೀಸದ ಅಕ್ಷರದ ಕಾಲದಿಂದ ಬಂದವರು, ಇಲ್ಲವೇ ನೋಡಿ ನೋಡಿ ಕಲಿತವರು. ಅವರಿಂದ ವಾರಕ್ಕೆ ಹತ್ತಾರು ಸಲ ಒಂದೇ ದೂರು ಬರುತ್ತಿತ್ತು. ಗೊತ್ತಿಲ್ಲದೆ ಎಲ್ಲೋ ಒತ್ತಿರುತ್ತಾರೆ, ಉಪಕರಣಗಳ ಪಟ್ಟಿ ಮಾಯವಾಗಿರುತ್ತದೆ, ಅಕ್ಷರ ಚೌಕಗಳಾಗಿರುತ್ತವೆ, ಪುಟ ಅಡ್ಡಲಾಗಿ ತಿರುಗಿ ಕುಳಿತಿರುತ್ತದೆ. ಪುಟಗಾರ ಅದನ್ನೇ ನೆನಪಿಟ್ಟುಕೊಂಡುಬಿಡುತ್ತದೆ. ಮುಚ್ಚಿ ತೆರೆದರೂ ಸರಿಹೋಗದು. ಆಗ ಉಳಿದಿರುವುದು ಒಂದೇ ಉಪಾಯ, ಅದು ನೆನಪಿಟ್ಟುಕೊಂಡ ಹೊಂದಿಕೆಗಳನ್ನೆಲ್ಲ ಅಳಿಸಿ, ಕೊಂಡ ದಿನ ಹೇಗಿತ್ತೋ ಹಾಗೆ ಮಾಡುವುದು.

ಅದನ್ನು ಫೋನಿನಲ್ಲಿ ಹೇಳಿಕೊಡುವುದರಲ್ಲಿ ಸಪ್ನಾಳ ಸಮ ಯಾರೂ ಇರಲಿಲ್ಲ. ಅರ್ಜಿ ಬರೆಯುವ ಮರೆಪ್ಪ ಒಮ್ಮೆ "ಡಬ್ಬಲ್ ಕ್ಲಿಕ್ಕಂದ್ರ ಏನವಾ?" ಎಂದು ಕೇಳಿದಾಗ ಅವಳು ನಗಲಿಲ್ಲ. "ಯಪ್ಪಾ, ಮನಿ ಬಾಗಲಾ ಬಡೀತೀರಲ್ರಿ ಟಕಟಕ ಅಂತ, ಹಂಗ ಎರಡ ಸಲ ಲಗೂನ ಒತ್ರಿ" ಎಂದಳು. ಮರೆಪ್ಪನಿಗೆ ಮತ್ತೆ ಕೇಳುವ ಪ್ರಸಂಗ ಬರಲಿಲ್ಲ.

ಇಂಥವರಿಗಾಗಿಯೇ ಅವಳು ಒಂದು ಹಾಳೆ ಬರೆದಳು. ಏಳು ಹೆಜ್ಜೆ, ದಪ್ಪ ಅಕ್ಷರ. ಪುಟಗಾರ ಮುಚ್ಚಿರಿ. ಶಿಫ್ಟ್ ಎಂದು ಬರೆದ ಕೀಲಿಯನ್ನು ಎಡಗೈಯಿಂದ ಒತ್ತಿ ಹಿಡಿಯಿರಿ. ಬಿಡದೆ, ಬಲಗೈಯಿಂದ ಪುಟಗಾರದ ಚಿತ್ರದ ಮೇಲೆ ಎರಡು ಸಲ ಒತ್ತಿರಿ. 'ಮೊದಲಿನ ಸ್ಥಿತಿಗೆ ತರಬೇಕೇ?' ಎಂದು ಕೇಳುತ್ತದೆ, ಹೌದು ಎನ್ನಿರಿ. ಹೀಗೆ. ಮುಬೀನ ಅದನ್ನು ಓದಿ ಸಂತೋಷಪಟ್ಟು ನೂರು ಪ್ರತಿ ಝೆರಾಕ್ಸ್ ಮಾಡಿಸಿದ. ಕೇಳಿದವರ ಮೊಬೈಲಿಗೆ ಫೋಟೋ ಹೋಯಿತು.

ಬಬಲೇಶ್ವರದ ಬಸ್ ನಿಲ್ದಾಣದ ಹಿಂದೆ ಗುರಲಿಂಗಪ್ಪನವರ ಪ್ರೆಸ್ಸು ಇದೆ. ಅಲ್ಲಿ ಅಕ್ಷರ ಜೋಡಿಸುತ್ತಿದ್ದವಳು ಶಾಂಭವಿ. ಮೂವತ್ತನಾಲ್ಕು ವರ್ಷ; ಅದರಲ್ಲಿ ಹನ್ನೆರಡು ವರ್ಷ ಅದೇ ಕುರ್ಚಿಯ ಮೇಲೆ ಕಳೆದಿದ್ದಳು. ಕೆಲಸಕ್ಕೆ ಸೇರಿದಾಗ ಕಣ್ಣು ಚೆನ್ನಾಗಿತ್ತು. ಆಮೇಲೆ ದೃಷ್ಟಿ ಅಂಚಿನಿಂದ ಒಳಕ್ಕೆ ಸವೆಯುತ್ತ ಬಂತು. ಈಗ ಕೊಳವೆಯಲ್ಲಿ ಹಾಯಿಸಿ ನೋಡಿದಂತೆ ಎದುರಿನ ಒಂದಿಷ್ಟು ಜಾಗ ಮಾತ್ರ ಕಾಣುತ್ತಿತ್ತು, ಅದೂ ಮಸುಕಾಗಿ. ಇದಕ್ಕೆ ಔಷಧವಿಲ್ಲವೆಂದು ಡಾಕ್ಟರು ಹೇಳಿಬಿಟ್ಟಿದ್ದರು. ಮದುವೆಯಾಗಿರಲಿಲ್ಲ. ಅಣ್ಣ ಸಂಗು, ಅತ್ತಿಗೆ ವಿದ್ಯಾವತಿ ಅವರ ಮನೆಯಲ್ಲಿದ್ದಳು. ಪ್ರೆಸ್ಸಿಗೆ ಹೋಗಿಬರುವವಳು ಎಂಬ ಕಾರಣಕ್ಕೆ ಆ ಮನೆಯಲ್ಲಿ ಅವಳಿಗೊಂದು ಮಾತಿತ್ತು.

ಶಾಂಭವಿ ಸಂಕೋಚಪಡುತ್ತಲೇ ಫೋನು ಮಾಡಿ ತನ್ನ ಕಣ್ಣಿನ ವಿಷಯ ಹೇಳಿದಾಗ ಸಪ್ನಾ, "ಫೋನಿನ್ಯಾಗ ಆಗೂದಿಲ್ಲಕ್ಕಾ, ನಾನ ಬರ್ತೇನಿ" ಎಂದು ಬಸ್ಸು ಹತ್ತಿದಳು. ಅರ್ಧ ದಿನ ಪಕ್ಕದಲ್ಲಿ ಕುಳಿತು ಪರದೆಯನ್ನು ಕಪ್ಪು ಮಾಡಿದಳು, ಅಕ್ಷರಗಳನ್ನು ಹಳದಿ ಮಾಡಿ ದೊಡ್ಡದಾಗಿಸಿದಳು. ಚದುರಿದ್ದ ಗುಂಡಿಗಳನ್ನೆಲ್ಲ ಶಾಂಭವಿಗೆ ಕಾಣುವ ನಡುವಿನ ಜಾಗಕ್ಕೆ ಎಳೆದು ತಂದಳು. ಪ್ರತಿ ಕೆಲಸಕ್ಕೂ ಒಂದು ಕೀಲಿ ಗೊತ್ತುಮಾಡಿ, ಅವಳ ಬೆರಳು ಹಿಡಿದು ರೂಢಿ ಮಾಡಿಸಿದಳು. ಶಾಂಭವಿ ಪರದೆಗೆ ಮುಖ ಹಚ್ಚಿ ತನ್ನದೇ ಹೆಸರನ್ನು ಬರೆದು ನೋಡಿದಳು. "ನೋಡ್ರಿ, ಸೊನ್ನಿ ಸೈತ ಕಾಣಾಕತ್ತೇತಿ" ಎಂದಳು.

ಗುರಲಿಂಗಪ್ಪ ಕನ್ನಡಕದ ಮೇಲಿಂದ ನೋಡಿ, "ತಿಕೋಟಾದಾಗ ಯಾರ ಪೈಕಿ ತಂಗಿ ನೀವು?" ಎಂದು ಕೇಳಿದರು. ಸಪ್ನಾ ಹೇಳಿದಳು. ಚಹಾ ಬಂದಾಗ ಉಳಿದವರಿಗೆ ಗಾಜಿನ ಲೋಟ, ಅವಳಿಗೆ ಕಾಗದದ ಕಪ್ಪು. ಅವಳು ಕುಡಿದಳು, ಇದು ಅವಳಿಗೆ ಹೊಸದೇನಲ್ಲ. ಮಧ್ಯಾಹ್ನ ಶಾಂಭವಿ ತನ್ನ ಬುತ್ತಿಯ ರೊಟ್ಟಿಯನ್ನು ಎರಡು ತುಂಡು ಮಾಡಿ, ಶೇಂಗಾ ಚಟ್ನಿ ಹಚ್ಚಿ, ಒಂದನ್ನು ಅವಳ ಕೈಗಿಟ್ಟಳು. ಆ ಪ್ರೆಸ್ಸಿನಲ್ಲಿ ಸಪ್ನಾಳಿಗೆ ಸಿಕ್ಕ ಮರ್ಯಾದೆ ಅದೊಂದೇ.

ಹದಿನೈದು ದಿನವೂ ಕಳೆದಿರಲಿಲ್ಲ, ಒಂದು ಬೆಳಿಗ್ಗೆ ಶಾಂಭವಿಯ ಫೋನು ಬಂತು. ಪರದೆ ಮತ್ತೆ ಬೆಳ್ಳಗಾಗಿದೆ, ಅಕ್ಷರ ಇರುವೆಯಂತಾಗಿದೆ, ಗುಂಡಿಗಳು ಒಂದೂ ಸಿಗುತ್ತಿಲ್ಲ. ಸಪ್ನಾ ಒಂದು ತಾಸು ಫೋನು ಹಿಡಿದು, ಒಂದೊಂದೇ ಕೀಲಿ ಹೇಳುತ್ತ ಎಲ್ಲವನ್ನೂ ಮತ್ತೆ ಹೊಂದಿಸಿಕೊಟ್ಟಳು. ನಾಲ್ಕು ದಿನಕ್ಕೆ ಮತ್ತೆ ಅದೇ ಕತೆ. ಮುಂದಿನ ವಾರ ಮೂರು ಸಲ. ಹೊಂದಿಕೆಗಳನ್ನು ಬೇರೆ ಕಡೆ ಉಳಿಸಿಟ್ಟುಕೊಳ್ಳುವ ಸೌಲಭ್ಯ ಆ ಹಳೆಯ ಪುಟಗಾರದಲ್ಲಿ ಇರಲಿಲ್ಲ. ಪ್ರತಿ ಸಲವೂ ಮೊದಲಿನಿಂದ ಕಟ್ಟಬೇಕು. ವೈರಸ್ ಇರಬಹುದೆಂದು ಸಪ್ನಾ ತಪಾಸಣೆ ಮಾಡಿಸಿದಳು. ಏನೂ ಸಿಗಲಿಲ್ಲ.

"ಆಕೀಗಿ ಕಾಣಂಗಿಲ್ಲ, ಏನರ ಒತ್ತತಾಳ. ಅಷ್ಟ ಇರಬೇಕ ತಗೀ" ಎಂದ ಮುಬೀನ.

ಇದು ಶುರುವಾಗುವ ಸ್ವಲ್ಪ ಮುಂಚಿನಿಂದ ಅರುಣಕುಮಾರ ಎಂಬೊಬ್ಬರು ಫೋನು ಮಾಡತೊಡಗಿದ್ದರು. ಬಬಲೇಶ್ವರದವರು, ಪ್ರೆಸ್ಸಿನ ಕೆಲಸ ಕಲಿಯುತ್ತಿದ್ದೇನೆ ಎಂದರು. ಆ ಊರಲ್ಲಿ ಮೂರು ಪ್ರೆಸ್ಸುಗಳಿವೆ. ಯಾವುದೆಂದು ಸಪ್ನಾ ಕೇಳಲಿಲ್ಲ. ತುಂಬ ವಿನಯದ ಮಾತು. "ಮೇಡಂ, ಪರದೆ ಕೆಟ್ಟರ ಹೊಸದರಂಗ ಮಾಡೂದು ಹ್ಯಾಂಗ್ರಿ?" ಎಂದು ಕೇಳಿದರು. ಸಪ್ನಾ ಹೇಳಿಕೊಟ್ಟಳು, ಹಾಳೆಯ ಫೋಟೋ ಕಳಿಸಿದಳು. ಮರುದಿನ ಅವರೇ ಫೋನು ಮಾಡಿ, "ಒಂದ ಸಲಕ್ಕ ಬಂತ್ರಿ ಮೇಡಂ! ನಿಮ್ಮಂಗ ಬಿಡಿಸಿ ಹೇಳವ್ರು ಯಾರೂ ಇಲ್ಲ" ಎಂದರು. ಅವತ್ತು ಮನೆಗೆ ಹೋಗಿ ಸಪ್ನಾ ತಾಯಿಗೆ ಈ ಮಾತನ್ನು ಹೇಳಿಕೊಂಡಳು.

ಮದುವೆಯ ಮುಹೂರ್ತಗಳ ಕಾಲ ಬಂತು. ಒಂದು ಸೋಮವಾರ ಅಂಗಡಿಯ ಫೋನು ಕೆಳಗಿಡಲು ಬಿಡುವಿರಲಿಲ್ಲ. ಆಗ ಮತ್ತೆ ಶಾಂಭವಿ ಕರೆದಳು, ಮತ್ತೆ ಅದೇ ದೂರು. ಸಪ್ನಾಳ ಸಹನೆ ಮುಗಿದಿತ್ತು.

"ಅಕ್ಕಾರ, ಮಷೀನ ತಾನ ತಾ ಬದಲಾಗೂದಿಲ್ರಿ. ನೀವ ಏನರ ಒತ್ತಿರ್ತೀರಿ. ಕಣ್ಣ ಕಾಣಂಗಿಲ್ಲ, ಒತ್ತೀನಿ ಅಂತ ಹೇಳಿಬಿಡ್ರೆಲಾ. ನನ್ನ ಹೊತ್ತಾರ ಉಳೀತೈತಿ."

"ಇರಬೇಕ್ರಿ. ನಾನ ಒತ್ತಿರಬೇಕು" ಎಂದು ಶಾಂಭವಿ ಫೋನು ಇಟ್ಟಳು. ಮತ್ತೆ ಅವಳು ಕರೆಯಲಿಲ್ಲ. ಸಪ್ನಾಳಿಗೆ ಅದು ನಿರಾಳವೆನಿಸಿತು.

ಬಬಲೇಶ್ವರದಲ್ಲಿ ಶಾಂಭವಿ ಬೆಳ್ಳನೆಯ ಪರದೆಯ ಮೇಲಿನ ಇರುವೆಯಕ್ಷರಗಳನ್ನು ಭೂತಗನ್ನಡಿ ಹಿಡಿದು ಓದುತ್ತ ಕೆಲಸ ಸಾಗಿಸಿದಳು. ಹಾಗೆ ಜೋಡಿಸಿದ ಒಂದು ಲಗ್ನಪತ್ರಿಕೆ ಪಕ್ಕದ ಹಳ್ಳಿಯ ಸಿದ್ದರಾಯನ ಮಗನದು. ಹಿಂದೆ ಇನ್ಯಾರಿಗೋ ಮಾಡಿದ ಕಾರ್ಡನ್ನು ತೆರೆದು ಹೆಸರುಗಳನ್ನು ಬದಲಿಸುವುದು ರೂಢಿ. ಆ ಹಳೆಯ ಕಾರ್ಡಿನಲ್ಲಿ ವರನ ತಂದೆ ತೀರಿಕೊಂಡಿದ್ದರು. ಹೆಸರು ಬದಲಾಯಿತು, ಅದರ ಮುಂದಿದ್ದ 'ದಿವಂಗತ' ಎಂಬ ಪದ ಅಳಿಸಲಿಲ್ಲ, ಏಕೆಂದರೆ ಶಾಂಭವಿಗೆ ಅದು ಕಾಣಲಿಲ್ಲ. ಕರಡು ನೋಡಲು ಬಂದ ಸಿದ್ದರಾಯನ ಅಳಿಯ ಹೂವಿನ ಬಣ್ಣ ನೋಡಿ ಹೂಂ ಎಂದು ಹೋಗಿದ್ದ. ಐದುನೂರು ಕಾರ್ಡು ಅಚ್ಚಾಗಿ, ಅರ್ಧದಷ್ಟು ಬೀಗರಿಗೆಲ್ಲ ಹಂಚಿ ಮುಗಿದ ಮೇಲೆ ಜತ್ತದಿಂದ ಸಿದ್ದರಾಯನ ಅಕ್ಕ ಅಳುತ್ತ ಫೋನು ಮಾಡಿದಳು. ಫೋನೆತ್ತಿದವನು ಸಿದ್ದರಾಯನೇ.

ಮರುದಿನ ಆತ ಹತ್ತು ಮಂದಿಯನ್ನು ಕಟ್ಟಿಕೊಂಡು ಪ್ರೆಸ್ಸಿಗೆ ಬಂದ. "ಯವ್ವಾ, ಬಂದ ಮುಟ್ಟಿ ನೋಡು. ತಣ್ಣಗಾಗೇನೇನ ನಾ?" ಎಂದು ಶಾಂಭವಿಯ ಮುಂದೆ ಕೈ ಚಾಚಿದ. ಬಂದವರಲ್ಲಿ ಇಬ್ಬರು ನಕ್ಕರು. ಗುರಲಿಂಗಪ್ಪನವರ ಮಗ ಎದ್ದು ಬಂದು ಕಾರ್ಡನ್ನು ಅವಳ ಮೂಗಿನ ಹತ್ತಿರ ಹಿಡಿದ. "ಓದ. ಎಲ್ಲಾರ ಮುಂದ ಓದಿ ತೋರಸು." ಶಾಂಭವಿ ಕಾರ್ಡನ್ನು ಆ ಕಡೆ ಈ ಕಡೆ ಹೊರಳಿಸಿದಳು. ಆ ಸಣ್ಣ ಬಂಗಾರದ ಅಕ್ಷರ ಅವಳಿಗೆ ಕಾಣುವಂತಿರಲಿಲ್ಲ. "ನೋಡ್ರಿ" ಎಂದ ಅವನು ಮಂದಿಯ ಕಡೆ ತಿರುಗಿ, "ಕುರುಡಿನ್ನ ಇಟಗೊಂಡ ಪ್ರೆಸ್ ನಡಸಾಕತ್ತಾನ ನಮ್ಮಪ್ಪ. ಕನಿಕರಾ!"

ಗುರಲಿಂಗಪ್ಪ ಯಾರ ಮುಖವನ್ನೂ ನೋಡದೆ ಹೇಳಿದರು: "ನಾಳಿಂದ ಬರಬ್ಯಾಡವಾ ಶಾಂಭವಿ."

ಇದೆಲ್ಲ ಸಪ್ನಾಳಿಗೆ ತಿಳಿದದ್ದು ಎರಡು ವಾರದ ಮೇಲೆ. ಹೊಸಬರಿಗೆ ಪುಟಗಾರ ಹೊಂದಿಸಿ ಕೊಡಬೇಕೆಂದು ಗುರಲಿಂಗಪ್ಪ ಕರೆಸಿದಾಗ ಅವಳು ಅಲ್ಲಿಗೆ ಹೋದಳು. ಶಾಂಭವಿಯ ಕುರ್ಚಿಯಲ್ಲಿ ಮೂವತ್ತರ ಆಸುಪಾಸಿನ ಒಬ್ಬ ಕುಳಿತಿದ್ದ. "ಬರ್ರಿ ಮೇಡಂ, ಗುರ್ತ ಸಿಗಲಿಲ್ಲೇನು? ನಿಮ್ಮ ಶಿಷ್ಯಾ, ಅರುಣಕುಮಾರ" ಎಂದ. ಫೋನಿನಲ್ಲಿ ಕೇಳಿದ ಅದೇ ವಿನಯದ ಧ್ವನಿ. ಅವನು ಗುರಲಿಂಗಪ್ಪನವರ ಮಗ. ಮೇಜಿನ ಗಾಜಿನ ಕೆಳಗೆ ಅವಳ ಏಳು ಹೆಜ್ಜೆಯ ಹಾಳೆ ಇತ್ತು.

ಶಾಂಭವಿ ಎಲ್ಲಿ ಎಂದು ಕೇಳಿದ್ದಕ್ಕೆ ಅವನು ಎಲ್ಲವನ್ನೂ ಹೇಳಿದ. ಮುಚ್ಚಿಡಬೇಕೆಂದು ಅವನಿಗೆ ಅನಿಸಿರಲೇ ಇಲ್ಲ. ತಾನು ಮಾಡಿದ್ದು ಜಾಣತನ, ಅದರಲ್ಲಿ ಅರ್ಧ ಇವಳ ಪಾಲು ಎಂಬಂತೆ ಹೇಳಿದ.

"ಹನ್ನೆರಡ ವರ್ಷದಾಕಿ. ಸುಮ್ಮ ತಗದ್ರ ಊರ ಮಂದಿ ಏನಂತಾರ? ಕಣ್ಣಿಲ್ಲದಾಕಿನ್ನ ಹೊರಗ ಹಾಕಿದ್ರು ಅಂತಾರ. ಆಕಿ ತಾನ ತಪ್ಪಬೇಕು. ಮುಂಜಾನೆ ಆಕಿ ಬರೂಕಿಂತ ಮೊದ್ಲ ನಾ ಬಂದ ಬಾಗಲಾ ತಗೀತಿದ್ನಿ. ಶಿಫ್ಟ್ ಹಿಡದು, ಎರಡ ಸಲ ಒತ್ತಿ, ಹೌದು ಅಂದ್ರ ಮುಗೀತು. ಎರಡ ನಿಮಿಷದ ಕೆಲಸಾ!"

ಸಪ್ನಾ ಗುರಲಿಂಗಪ್ಪನವರ ಕಡೆ ನೋಡಿದಳು. ಅವರಿಗೆ ಎಲ್ಲ ಕೇಳಿಸಿತ್ತು. ಅವರು ಪೇಪರಿನ ಹಾಳೆ ತಿರುವಿದರು.

"ಆಕಿ ಅನ್ನಾ ಹೋತಲ್ರಿ" ಎಂದಳು ಸಪ್ನಾ.

"ಅಣ್ಣ ಅದಾನ, ಹಾಕ್ತಾನ." ಅರುಣಕುಮಾರನ ಮುಖದ ಮೇಲಿನ ನಗು ಸ್ವಲ್ಪ ಕಡಿಮೆಯಾಯಿತು. "ಅಲ್ರೀ, ಕಲಿಸಿದಾಕಿ ನೀವು. ಹಾಳಿ ಮ್ಯಾಲ ಬರದಂಗ ಮಾಡೀನಿ ನಾ. ಅದರಾಗ ನಂದೇನ ತಪ್ಪೈತಿ?"

ಸಪ್ನಾ ಅಲ್ಲಿಂದ ಎದ್ದು ಶಾಂಭವಿಯ ಮನೆ ಕೇಳಿಕೊಂಡು ಹೋದಳು. ಶಾಂಭವಿ ಒಲೆಯ ಮುಂದೆ ಕುಳಿತು ಹಿಟ್ಟು ನಾದುತ್ತಿದ್ದಳು. ವಿದ್ಯಾವತಿ ಹೊಸಲಿನಲ್ಲಿ ನಿಂತೇ ಇದ್ದಳು, ಒಳಗೆ ಬಾ ಎನ್ನಲಿಲ್ಲ. ಸಪ್ನಾ ಅಂಗಳದಿಂದಲೇ ನಡೆದದ್ದನ್ನು ಹೇಳಿದಳು.

ಶಾಂಭವಿಯ ಕೈ ನಿಂತಿತು. "ಅಂದ್ರ ನಾ ಏನೂ ಒತ್ತಿರಲಿಲ್ಲ?"

"ಇಲ್ಲಕ್ಕಾ."

"ಏನೂ ಒತ್ತಿರಲಿಲ್ಲ" ಎಂದು ಅವಳು ಇನ್ನೊಮ್ಮೆ ಹೇಳಿಕೊಂಡಳು. ಆಮೇಲೆ ಧ್ವನಿ ಬರುವ ಕಡೆಗೆ ಮುಖ ತಿರುಗಿಸಿದಳು. "ಅವರು ಏನರ ಅಂದಿದ್ರ ನಾ ನಂಬ್ತಿರಲಿಲ್ರಿ. ನೀವ ಅಂದ್ರಿ. ಮಷೀನಿಂದು ಎಲ್ಲಾ ಗೊತ್ತಿದ್ದಾಕಿ ನೀವ ಅಂದಮ್ಯಾಲ ನನಗ ನನ್ನ ಬೆರಳ ಮ್ಯಾಲಿನ ನಂಬಿಕಿ ಹೋತು. ಕಣ್ಣ ಹ್ವಾದಾಗೂ ನಾ ಇಷ್ಟ ಹೆದರಿರಲಿಲ್ಲ."

ವಿದ್ಯಾವತಿ, "ರೊಟ್ಟಿ ಹೊತ್ತಾಗತೈತಿ, ಒಯ್ಯಾಕ ಖಾನಾವಳಿಯವ್ರು ಬರ್ತಾರ" ಎಂದಳು. ಶಾಂಭವಿ ಮತ್ತೆ ನಾದತೊಡಗಿದಳು.

ಅಂಗಡಿಗೆ ಮರಳಿ ಸಪ್ನಾ ಮುಬೀನನಿಗೆ ಹೇಳಿದಳು. ಅವನಿಗೂ ಬೇಸರವಾಯಿತು. "ಖರೇ ಕೆಟ್ಟಾತು. ಆದ್ರ ಅವರು ನಮ್ಮ ಗಿರಾಕಿ, ಸಪ್ನಾ. ಅವರ ಮನಿ ಜಗಳಾ ನಮಗ ಬ್ಯಾಡ" ಎಂದ. ಇನ್ನು ಯಾರಿಗೆ ಹೇಳುವುದು? ಒಂದು ಸಾಫ್ಟ್‌ವೇರನ್ನು ಮೊದಲಿನ ಸ್ಥಿತಿಗೆ ತಂದ ಎಂದು ಪೊಲೀಸರ ಬಳಿ ಯಾರೂ ದೂರು ಬರೆಸಲಾರರು.

ಒಂದು ತಿಂಗಳ ಮೇಲೆ, ಬೆಳಿಗ್ಗೆ ಹನ್ನೊಂದರ ಸುಮಾರಿಗೆ, ಅರುಣಕುಮಾರನ ಫೋನು ಬಂತು. ಗಾಬರಿಯಲ್ಲಿದ್ದ. ಪಟ್ಟಿಗಳೆಲ್ಲ ಮಾಯವಾಗಿವೆ, ಹಾಳೆಯಲ್ಲಿ ಬರೆದಂತೆ ಮಾಡಿದರೂ ಬರುತ್ತಿಲ್ಲ, ಎದುರಿಗೆ ಗಿರಾಕಿ ಕುಳಿತಿದ್ದಾರೆ. ಶಿಫ್ಟ್ ಕೀಲಿಯನ್ನು ಅವಸರದಲ್ಲಿ ಬೇಗ ಬಿಡುತ್ತಿದ್ದಾನೆಂದು ಸಪ್ನಾಳಿಗೆ ತಕ್ಷಣ ತಿಳಿಯಿತು.

"ಬಿಡಬ್ಯಾಡ್ರಿ. ಹಿಡದ ಇರ್ರಿ. ಕಿಟಕಿ ಬಂತೇನ್ರಿ?"

"ಬಂತ್ ಬಂತ್."

ಆ ಕಿಟಕಿಯ ಕೆಳಗೆ ಸಣ್ಣ ಎರಡು ಚೌಕಗಳಿರುತ್ತವೆ. ಒಂದರ ಮುಂದೆ 'ಹೊಂದಿಕೆಗಳು' ಎಂದಿದೆ, ಅದರಲ್ಲಿ ಮೊದಲೇ ಗುರುತು ಇರುತ್ತದೆ. ಇನ್ನೊಂದು 'ನನ್ನ ಮಾದರಿಗಳು'. ಅದರಲ್ಲಿ ಗುರುತು ಹಾಕಿದರೆ ಆ ಕಂಪ್ಯೂಟರಿನಲ್ಲಿ ಮಾಡಿಟ್ಟ ಕಾರ್ಡಿನ ಮಾದರಿಗಳೆಲ್ಲ ಅಳಿಸಿಹೋಗುತ್ತವೆ, ಕಸದ ಬುಟ್ಟಿಯಲ್ಲೂ ಸಿಗುವುದಿಲ್ಲ. ಜನ ಹೆದರಬಾರದೆಂದು ಸಪ್ನಾ ತನ್ನ ಹಾಳೆಯಲ್ಲಿ ಅದರ ಮಾತನ್ನೇ ಎತ್ತಿರಲಿಲ್ಲ.

"ಕೆಳಗ ಎರಡ ಚೌಕ ಅದಾವ್ರಿ. ಎರಡರಾಗೂ ಗುರುತ ಹಾಕ್ರಿ" ಎಂದಳು.

"ಎರಡೂ?"

"ಎರಡೂ ರೀ."

"ದಿನಾ ಒಂದ ಇರ್ತಿತ್ತಲ್ರಿ..."

"ಈ ಸಲ ಜಾಸ್ತಿ ಕೆಟ್ಟೈತಿ. ಹಾಕಿ ಹೌದು ಅನ್ರಿ."

ಅವನು ಹೌದು ಎಂದ. ಪಟ್ಟಿಗಳು ಬಂದವು. "ಥ್ಯಾಂಕ್ಸ್ ಮೇಡಂ" ಎಂದು ಫೋನು ಇಟ್ಟ. ಹತ್ತು ನಿಮಿಷಕ್ಕೆ ಮತ್ತೆ ಕರೆದ. ಈಗ ಅವನ ಧ್ವನಿಯಲ್ಲಿ ವಿನಯವಿರಲಿಲ್ಲ. ಕಾರ್ಡುಗಳು ಒಂದೂ ಇಲ್ಲ, ಮುಹೂರ್ತದ ಕೆಲಸ ತುಂಬಿದೆ, ಗಿರಾಕಿ ಎದ್ದು ಹೋಗುತ್ತಿದ್ದಾರೆ.

"ಚೌಕದ ಮುಂದ ಮಾದರಿ ಅಂತ ಬರದಿತ್ತಲ್ರಿ" ಎಂದಳು ಸಪ್ನಾ, ಮೆಲ್ಲಗೆ. "ನಿಮಗ ಓದಾಕ ಬರ್ತೈತಲ್ಲ. ಓದಲಿಲ್ಲೇನ್ರಿ?"

ಅವನು ಬಾಯಿಗೆ ಬಂದಂತೆ ಬೈದ. ಅವಳ ಜಾತಿ ಎತ್ತಿ ಬೈದ. ಸಪ್ನಾ ಪೂರ್ತಿ ಕೇಳಿಸಿಕೊಂಡಳು. ಅವಳ ಮನಸ್ಸು ಅಷ್ಟು ಹಗುರಾಗಿ ಎಷ್ಟೋ ದಿನಗಳಾಗಿದ್ದವು. ಮಧ್ಯಾಹ್ನ ಡಬ್ಬಿ ಬಿಚ್ಚಿ ಹೊಟ್ಟೆ ತುಂಬ ಉಂಡಳು.

ಮುಬೀನ ಪಕ್ಕದ ಮೇಜಿನಲ್ಲಿ ಪ್ರಿಂಟರು ಬಿಚ್ಚುತ್ತ ಎಲ್ಲ ಕೇಳಿದ್ದ. ಕೈ ಒರೆಸಿಕೊಂಡು ಬಂದು ಫೋನನ್ನು ತನ್ನ ಮೇಜಿಗೆ ಒಯ್ದ. "ನಿನ್ನ ಕೈಯಾಗ ಫೋನ್ ಕೊಟ್ಟ ನಾ ಅಂಗಡಿ ಬಿಟ್ಟ ಹೋಗ್ತಿದ್ನಿ" ಎಂದ. ಅಷ್ಟೇ ಹೇಳಿದ. ಅವಳನ್ನು ಕೆಲಸದಿಂದ ತೆಗೆಯಲಿಲ್ಲ. ಹಿಂದಿನ ಕೋಣೆಯಲ್ಲಿ ಪ್ರಿಂಟರುಗಳಿಗೆ ಮಸಿ ತುಂಬುವ ಕೆಲಸಕ್ಕೆ ಕೂರಿಸಿದ.

ಭಾನುವಾರ ಸಪ್ನಾ ಬಬಲೇಶ್ವರಕ್ಕೆ ಹೋದಳು. ಶಾಂಭವಿಗೆ ಈ ಸುದ್ದಿಯನ್ನು ತಾನೇ ಹೇಳಬೇಕೆಂದು ಅವಳ ಆಸೆ. ವಿದ್ಯಾವತಿ ನೀರಿಗೆ ಹೋಗಿದ್ದಳು. ಶಾಂಭವಿ ಅಂಗಳದ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದಳು, ಬೆರಳಿನಿಂದಲೇ ಹರಳು ಹುಡುಕುತ್ತ. ಸಪ್ನಾ ಪಕ್ಕದಲ್ಲಿ ಕುಳಿತು, ಅರುಣಕುಮಾರ ಹೇಗೆ ಕೇಳಿದ, ತಾನು ಏನೆಂದೆ, ಆಮೇಲೆ ಅವನು ಹೇಗೆ ಒದರಾಡಿದ, ಒಂದೂ ಬಿಡದೆ ನಗುನಗುತ್ತ ಹೇಳಿದಳು.

ಶಾಂಭವಿ ನಗಲಿಲ್ಲ. "ಎಲ್ಲಾ ಹ್ವಾದೂವೇನ್ರಿ?" ಎಂದು ಕೇಳಿದಳು.

"ಎಲ್ಲಾ ಅಕ್ಕಾ. ಒಂದ ಉಳದಿಲ್ಲ."

"ನವಲಗರಿ ಅಂಚಿಂದು?"

ಸಪ್ನಾಳಿಗೆ ಆಗ ಅರ್ಥವಾಗತೊಡಗಿತು.

"ಅವು ನಾ ಮಾಡಿದ್ದೂರಿ" ಎಂದಳು ಶಾಂಭವಿ. "ಕಣ್ಣ ಇದ್ದಾಗ ಮಾಡಿದ್ದು. ಆ ನವಲಗರಿ ಒಂದ ತಿಂಗಳ ಬಿಡಿಸೀನಿ. ಈಗ ಬಿಡಸಂದ್ರ ಆಗೂದಿಲ್ಲ. ಈ ಊರಾಗ ಯಾರ ಮದಿವಿ ಆದ್ರೂ ಮನಿಮನಿಗೆ ನನ್ನ ಕೈದ ಕಾರ್ಡ ಬರ್ತಿತ್ತು. ನಮ್ಮಣ್ಣನ ಮನಿಗೂ ಬರ್ತಿತ್ತು, ಮುಟ್ಟಿ ನೋಡ್ತಿದ್ನಿ. ಅವ ನನ್ನ ತಗದ್ರೂ ನನ್ನ ಕಾರ್ಡ ಇಟಗೊಂಡಿದ್ದ. ನೀವ ಅದನ್ನೂ ತಗದ್ರಿ."

"ಅಕ್ಕಾ, ನಾ ನಿಮ್ಮ ಸಲುವಾಗಿ..."

"ನನ್ನ ಕೇಳಿದ್ರೇನು?" ಶಾಂಭವಿ ಮೊರದ ಮೇಲಿನ ಜೋಳವನ್ನು ಕೈಯಿಂದ ಸಮ ಮಾಡಿದಳು. "ಅವನೂ ಕೇಳಲಿಲ್ಲ, ನೀವೂ ಕೇಳಲಿಲ್ಲ. ಹೊಂಡ್ರಿ ಇನ್ನ. ಮತ್ತ ಬರಬ್ಯಾಡ್ರಿ."

ಅರುಣಕುಮಾರನಿಗೆ ಆದ ನಷ್ಟ ಮೂರು ವಾರದ್ದು. ಸೊಲ್ಲಾಪುರಕ್ಕೆ ಹೋಗಿ ಎರಡು ಸಾವಿರ ಸಿದ್ಧ ಮಾದರಿಗಳಿರುವ ಡಿಸ್ಕು ತಂದ. ಹೊಳೆಯುವ, ತರತರದ ಬಣ್ಣದ ಆ ಕಾರ್ಡುಗಳು ಜನರಿಗೆ ಹಿಡಿಸಿದವು. ಪ್ರೆಸ್ಸು ಮೊದಲಿಗಿಂತ ಚೆನ್ನಾಗಿ ನಡೆಯುತ್ತಿದೆ. ಆತ ಪುಟಗಾರ ಬಿಟ್ಟು ಬೇರೊಂದನ್ನು ಕೊಂಡ, ಹಾಗಾಗಿ ಮುಬೀನ ಒಬ್ಬ ಗಿರಾಕಿಯನ್ನು ಕಳೆದುಕೊಂಡ.

ಎಂಟು ತಿಂಗಳ ನಂತರ ಫೋನು ಮತ್ತೆ ಸಪ್ನಾಳ ಮೇಜಿಗೆ ಬಂತು. ಮುಬೀನ ಹೇಳುವುದು ಜನರಿಗೆ ತಿಳಿಯುತ್ತಿರಲಿಲ್ಲ. ಅವಳು ಈಗಲೂ ಅಷ್ಟೇ ಚೆನ್ನಾಗಿ ಬಿಡಿಸಿ ಹೇಳುತ್ತಾಳೆ. ಆದರೆ ಹೇಳುವ ಮುಂಚೆ, "ಆ ಕಂಪ್ಯೂಟರ್ ಮ್ಯಾಲ ದಿನಾ ಯಾರ ಕುಂಡರ್ತಾರ್ರಿ? ಅವರಿಗೆ ಫೋನ್ ಕೊಡ್ರಿ" ಎನ್ನುತ್ತಾಳೆ. ಕೆಲವರು ಬೇಸರಪಟ್ಟು ಫೋನು ಇಟ್ಟುಬಿಡುತ್ತಾರೆ.

ಕಳೆದ ವರ್ಷ ಇನ್ನೊಂದು ಪ್ರೆಸ್ಸಿನ ಕೆಲಸಕ್ಕೆ ಬಬಲೇಶ್ವರಕ್ಕೆ ಹೋದಾಗ ಸಂತೆಯ ದಿನ. ಮೆಣಸಿನಕಾಯಿ ಮಾರುವವರ ಸಾಲಿನಲ್ಲಿ ಶಾಂಭವಿ ಅಣ್ಣನ ಮಗಳ ಭುಜ ಹಿಡಿದು ಬರುತ್ತಿದ್ದಳು. ಬಹಳ ಸೊರಗಿದ್ದಳು. ಹಾದಿ ಇಕ್ಕಟ್ಟು, ಎದುರಾಗದೆ ಹೋಗುವಂತಿರಲಿಲ್ಲ. ಶಾಂಭವಿಯ ಕಣ್ಣಿಗೆ ಎಲ್ಲಿಯವರೆಗೆ ಕಾಣುತ್ತದೆ, ಎಲ್ಲಿಂದ ಕಾಣುವುದಿಲ್ಲ ಎಂಬುದು ಸಪ್ನಾಳಿಗೆ ಗೊತ್ತಿತ್ತು. ಎರಡು ಹೆಜ್ಜೆ ಪಕ್ಕಕ್ಕೆ ಸರಿದು, ಕಾಣದ ಜಾಗದಲ್ಲಿ ಉಸಿರು ಬಿಗಿಹಿಡಿದು ನಿಂತಳು. ಶಾಂಭವಿ ಅವಳ ತೋಳಿಗೆ ಸೀರೆಯ ಸೆರಗು ಸವರಿಕೊಂಡೇ ದಾಟಿ ಹೋದಳು.